ಒಳಗೆ ಹೋದದ್ದು, ಹೊರಗೆ ಬಂದದ್ದು

ಹದಿನೇಳು ದಿನ ಗಾಡಿ ನೀರು ಕುಡಿಯಿತು.
ಎಲ್ಲಿ ಬಿಟ್ಟಿತೆಂದು ಹೇಳಲಿಲ್ಲ.

ತೊಂಬತ್ತೇಳರ ಎಸ್ಟೀಮ್. ನನಗಿಂತ ಮುಂಚೆ ಮೂವರ ಕೈ ದಾಟಿದ್ದು:
ಸೊಲ್ಲಾಪುರದ ಚಾದರದ ವ್ಯಾಪಾರಿ, ಅವನ ಅಳಿಯ, ಒಬ್ಬ ವಕೀಲ.
ಬಾಗಿಲು ಎಳೆದರೆ ಮುಚ್ಚುವುದಿಲ್ಲ, ಎತ್ತಿ ಎಳೆಯಬೇಕು.
ಅಕ್ಕಲಕೋಟೆಯಿಂದ ನಾಗಣಸೂರಿಗೆ
ರಾತ್ರಿಪಾಳಿಯೆಂದರೆ ನಾವಿಬ್ಬರೇ,
ನಾನೂ ಅದೂ.

ಬಂದೇನವಾಜ್ ಬಾನೆಟ್ಟಿನೊಳಗೆ ತಲೆ ಹಾಕಿ
ಇಂಜಿನ್ನು ಅರ್ಧ ತಾಸು ಓಡಿಸಿ, ಫ್ಯಾನು ತಿರುಗುವವರೆಗೆ ಕಾದು
‘ಎಲ್ಲೀ ಇಲ್ರೀ ಸಿಸ್ಟರ್,
ಮಾಳಗಿ ಮ್ಯಾಲಿನ ಸಂಡಗಿ ಹಂಗ ಒಣಾ ಐತಿ’ ಅಂದ.
ರೇಡಿಯೇಟರ್ ಇರಬಹುದು. ಪಂಪ್ ಇರಬಹುದು.
ಗ್ಯಾಸ್ಕೆಟ್ ಇದ್ರ ಮಾರಿಬಿಡ್ರಿ.
ಎಣ್ಣೆಯ ಕಡ್ಡಿ ಎಳೆದು ನೋಡಿದೆ. ಕಪ್ಪು, ಹಾಲು ಬೆರೆತಿಲ್ಲ.
ಹೊಗೆಯೂ ಬಿಳಿಯಿಲ್ಲ.

ಒಳಗೊಳಗೇ ಸೋರುವವರನ್ನು ನೋಡಿದ್ದೇನೆ.
ಕಬ್ಬಿನ ಟ್ರ್ಯಾಕ್ಟರಿನಿಂದ ಬಿದ್ದ ಹುಡುಗನೊಬ್ಬ
ಚಹಾ ಕೇಳಿದ, ನಗುತ್ತಾ ಕೂತ.
ಮೈಮೇಲೆ ಒಂದು ಗೀರಿಲ್ಲ.
ನಾಡಿ ಮಾತ್ರ ಓಡುತ್ತಿತ್ತು.

ನಲವತ್ತು ಪುಟದ ನೋಟ್‌ಬುಕ್ಕು ತಂದು ಗೆರೆ ಎಳೆದೆ.
ಎಡಕ್ಕೆ, ಒಳಗೆ ಹೋದದ್ದು. ಬಲಕ್ಕೆ, ಹೊರಗೆ ಬಂದದ್ದು.
ಸೋಮವಾರ ಎಪ್ಪತ್ತು ಮಿಲಿ. ಬಲಕ್ಕೆ ಏನಿಲ್ಲ.
ಮಂಗಳವಾರ ತೊಂಬತ್ತು. ಕಾರ್ಪೆಟ್ಟು ಮುಟ್ಟಿದೆ, ಒಣ.
ಗುರುವಾರದ ಹೊತ್ತಿಗೆ ಗಮನಕ್ಕೆ ಬಂತು,
ಕನ್ನಡದಲ್ಲಿ ಬರೆಯುತ್ತಿದ್ದೆ.

ಇಪ್ಪತ್ತೆರಡು ವರ್ಷದ ನೌಕರಿ.
ಜ್ವರ, ಮೂತ್ರ, ಹೆರಿಗೆ, ಪ್ರಾಣ ಹೋದ ವೇಳೆ,
ಎಲ್ಲ ಮರಾಠಿಯಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ.
ಕೇಳುವುದು, ‘ಎಲ್ಲಿ ಹಿಡಿತೈತಿ ಯವ್ವಾ?’
ಬರೆಯುವುದು, ‘ಪೋಟಾತ್ ದುಖತೆ.’
ಯಾರೂ ತಪಾಸಣೆಗೆ ಬರದ ಚಾರ್ಟು ಇದೊಂದೇ.
‘ಸೋರಿಕೆ’ ಎಂದು ಬರೆಯುವಾಗ
ದೀರ್ಘ ಎಲ್ಲಿಗೆ ಎಳೆಯಬೇಕೆಂದು
ಪೆನ್ನು ಒಂದು ಗಳಿಗೆ ನಿಂತಿತು.

ಹದಿನಾರನೆಯ ರಾತ್ರಿ ಗಾಜ್ ಪಟ್ಟಿ ಕತ್ತರಿಸಿ
(ನನ್ನ ದುಡ್ಡಿನದು, ಸ್ಟೋರಿನದಲ್ಲ)
ಪೈಪಿನ ಸಂದಿ ಸಂದಿಗೂ ಕಟ್ಟಿ ಅಂಕಿ ಹಾಕಿದೆ.
ಮೇಲಿನ ಹೋಸ್, ಕೆಳಗಿನ ಹೋಸ್, ಪಂಪಿನ ಕೆಳಗೆ,
ಮತ್ತೆ ಹಿಂದೆ, ಕೈ ಹೋಗುವ
ಕಣ್ಣು ಹೋಗದ ಕಡೆ ಎರಡು.
ಮರುಸಂಜೆ ಬಂದೇನವಾಜ್ ನೋಡಿ,
‘ಆಕ್ಸಿಡೆಂಟ್ ಕೇಸೇನ್ರೀ?’ ಅಂತ ನಕ್ಕ.

ಆ ರಾತ್ರಿ ದವಾಖಾನೆ ಮುಟ್ಟಿ ನೋಡಿದರೆ ಎಲ್ಲ ಬಿಳಿ.
ಕೈ ಸುಡುವಷ್ಟು ಬಿಸಿಯಿದ್ದರೂ ಬಿಳಿ.
ಎರಡು ಹೆರಿಗೆ, ಒಂದು ಚೇಳು ಕಡಿತ,
ಬೆಳಗಿನ ಐದಕ್ಕೆ ಟಾರ್ಚು ಹಿಡಿದು ಹೊರಬಂದೆ.
ತೊಗರಿ ಹೊಲದ ಕಡೆಯಿಂದ ಥಂಡಿ.
ಬಾನೆಟ್ಟಿನ ತಗಡು ಬೆರಳು ಕಚ್ಚಿತು.
ನಾಲ್ಕನೆಯ ಪಟ್ಟಿ ಹಸಿರು.

ಬಿಸಿಯಾದರೆ ರಬ್ಬರು ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ.
ತಣ್ಣಗಾಗಿ, ಎಲ್ಲರೂ ಮಲಗಿದ ಮೇಲೆ, ಕುಗ್ಗಿ
ಒಂದೊಂದೇ ಹನಿ ಬಿಡುತ್ತದೆ.
ಬೆಳಗ್ಗೆ ಇಂಜಿನ್ನು ಕಾದೊಡನೆ ಅದೂ ಆರಿಹೋಗುತ್ತದೆ.
ನೆಲಕ್ಕೆ ಬಿದ್ದ ಎರಡು ಹನಿಗೆ ವಾರ್ಡಿನ ನಾಯಿ ಮೂಗು ತಂದಿತು.
ಸಿಹಿಯಂತೆ ಅದು, ಸಿಹಿ ವಿಷ.
ನಾಯಿಯನ್ನು ಗದರಿಸಿ ಮಣ್ಣು ಎಳೆದೆ.

ಇದಕ್ಕೆ ಉಪಮೆ ಹುಡುಕಬಾರದು ಅಂದುಕೊಂಡೆ.
ಅಕ್ಕಲಕೋಟೆ ಬರುವಷ್ಟರಲ್ಲಿ ಮೂವರು ನೆನಪಾದರು,
ಒಬ್ಬಳು ನಮ್ಮಕ್ಕ.

ಕ್ಲಿಪ್ಪಿಗೆ ಮೂವತ್ತೈದು ರೂಪಾಯಿ. ಕೂಲಿ ಬೇಡವೆಂದ ಬಂದೇನವಾಜ್
ಪುಸ್ತಕ ಬೇಕೆಂದ, ಕೊಟ್ಟರೆ ತಿರುವಿ ಹಾಕಿದ.
ಅವನು ಕಲಿತದ್ದು ಉರ್ದು ಸಾಲೆಯಲ್ಲಿ.
‘ಓದಿ ಹೇಳ್ರಿ.’
ಟೈರಿನ ಮೇಲೆ ಕೂತು ಸೋಮವಾರದಿಂದ ಓದಿದೆ.
ಪಾನಾ ಕೆಳಗಿಟ್ಟು ಕೇಳಿದ.
‘ಬರೋಬರಿ ಲೆಕ್ಕ ಕೂಡತೈತೇನ್ರಿ?’

ಇಲ್ಲ. ಇನ್ನೂರು ಮಿಲಿ ಸಿಕ್ಕಿಲ್ಲ.
ಅದನ್ನೂ ಬರೆದಿಟ್ಟಿದ್ದೇನೆ, ಬಲಗಡೆ,
ಪ್ರಶ್ನೆಚಿಹ್ನೆ ಹಾಕಿ.