ನಾಕು ಟ್ಯೂಬು, ಒಂದು ದಿನ

ಬೀಡಿ ಕೂಟಿನ್ಯಾಗ ನಂದೊಂದು ಪಂಕ್ಚರ್ ಅಂಗಡಿ.
ಟ್ರ್ಯಾಕ್ಟರಿನ ಹಿಂದಿನ ಗಾಲಿ ಟ್ಯೂಬು ನಾಕು
ಬಾಡಿಗಿ ಬೇಕಂತ ಬಂದ್ರು ತಲ್ಲೂರ ಮೇಡಂ.
ಕಾಡಿನ ಬಾವಲಿ ಎಣಸಾಕ ಹೊಂಟಾರಂತ.
"ಎಣಿಸಿ ಏನ್ ಮಾಡ್ತೀರಿ?" ಅಂದೆ.
"ಮುಂದಿನ ವರ್ಷ ಮತ್ತ ಎಣಸ್ತೀನಿ" ಅಂದ್ರು.
ಟ್ಯೂಬಿನ ಜೋಡಿ ನಾನೂ ಹೊಂಟೆ.
ಗಾಳಿ ತುಂಬಿದಾವ ನಾನು, ಜವಾಬ್ದಾರಿ ನಂದ.

ಹೆಮ್ಮಡಗಾ ದಾಟಿದ ಮ್ಯಾಲ ಮೊದಲ ಡಾಂಬರು ಮುಗೀತು,
ಆಮ್ಯಾಲ ಮೊಬೈಲಿನ ಕಡ್ಡಿ,
ಆಮ್ಯಾಲ ಬಿಸಿಲು.
ದೀಪಾವಳಿ ಬಂದರೂ ಒಣಗದ ನೆಲ.
ಝಿಲು ಗಾವಡೆ ತನ್ನ ಹಿತ್ತಲದ ಬಿದಿರು ಹೊತ್ತು ತಂದು
ನಾಕೂ ಟ್ಯೂಬಿಗೆ ಅಡ್ಡ ಉದ್ದ ಬಿಗದ.
ಅವನ ಮಾತು ನನಗ ಅರ್ಧ ತಿಳೀತು,
ನನ್ನ ಕನ್ನಡ ಅವಗ ಕಾಲುಪಾಲು,
ಹಗ್ಗದ ಗಂಟು ಮಾತ್ರ ಇಬ್ಬರಿಗೂ ಪೂರ್ತಿ ಬರ್ತಿತ್ತು.

ಮಹದಾಯಿ ಹೊಳಿ.
ಕಣ್ಣಿಗೆ ಕಾಣೂ ತಳ, ಕಾಲಿಗೆ ಸಿಗದ ತಳ.
ನಮ್ಮ ಮಲಪ್ರಭಾನೂ ಇಲ್ಲೇ ಆಚೀಕಡೆ ಹುಟ್ಟಿದಾಕಿ,
ಆಕಿ ಮೂಡಣಕ್ಕ ಹೋದ್ಲು, ಈಕಿ ಪಡುವಣಕ್ಕ,
ಒಂದ ಸ್ಟ್ಯಾಂಡಿನ್ಯಾಗ ನಿಂತ ಅಕ್ಕತಂಗೇರು
ಬ್ಯಾರೆ ಬ್ಯಾರೆ ಬಸ್ ಹತ್ತಿಧಂಗ.

ತಲಿ ಮ್ಯಾಲ ಉಸ್ ಉಸ್ ಅಂತು.
ನಾನು ದಡಬಡಿಸಿ ಟ್ಯೂಬಿಗೆ ಕಿವಿ ಹಚ್ಚಿದೆ.
ಝಿಲು ನಕ್ಕೊಂತ ಬೆರಳು ಮ್ಯಾಲೆತ್ತಿದ:
ಎರಡು ಮಂಗಟ್ಟಿ,
ರೆಕ್ಕಿಯಿಂದ ಗಾಳಿ ಸೀಳಿಕೊಂತ
ಆಲದ ಹಣ್ಣಿಗೆ ಹೊಂಟಿದ್ದವು.
ಕೇಂದಳಿಲು ಒಂದು ಬಾಲ ಇಳಿಬಿಟ್ಟು
ತಾ ತಿಂದದ್ದರ ಸಿಪ್ಪಿ ಮೇಡಂ ಟೊಪ್ಪಿಗಿ ಮ್ಯಾಲ ಒಗೀತು.
ದಂಡಿ ಮ್ಯಾಲ ಕರೀ ಬಂಡಿ ಅನಕೊಂಡಿದ್ದು
ಕಿವಿ ಅಲ್ಲಾಡಿಸ್ತು. ಕಾಡುಕೋಣ.
ಅದು ನೋಡೂತನಕ ಯಾರೂ ಹುಟ್ಟು ಹಾಕಲಿಲ್ಲ.

ಮಧ್ಯಾಹ್ನ ಮಡುವಿನ ನಡುವ
ನೀರಿನಿಂದ ಗುಳ್ಳಿ ಎದ್ವು, ಒಂದು ಸಾಲು.
ಮೂವತ್ತೆರಡು ವರ್ಷ ಈ ಕಣ್ಣು
ಕಬ್ಬಿಣದ ಬುಟ್ಟಿ ನೀರಿನ್ಯಾಗ ಗುಳ್ಳಿ ಹುಡುಕಿದ ಕಣ್ಣು.
"ಪಂಕ್ಚರ್!" ಅಂತ ಒದರಿದೆ.
"ದಂಡಿಗೆ ತಿರುವೋ ಝಿಲು! ಮೇಡಂ, ಅಲ್ಲಾಡಬ್ಯಾಡ್ರಿ!"
ಟ್ಯೂಬಿನ ಮ್ಯಾಲ ಅಂಗೈ ಇಟ್ಟೆ. ಗಟ್ಟಿ.
ಎರಡನೇದು ಗಟ್ಟಿ. ಮೂರನೇದು, ನಾಕನೇದು.
ಗುಳ್ಳಿ ಮಾತ್ರ ನಮ್ಮನ್ನ ಹಿಂದ ಹಾಕಿ
ದಾರಿ ಗೊತ್ತಿದ್ದವರಂಗ ಮುಂದ ನಡದ್ವು.

ಎದ್ದದ್ದು ಒಂದು ಚಪ್ಪಟಿ ತಲಿ,
ಮೀಸಿ ತುಂಬ ಹೊಳಿ.
ನೀರುನಾಯಿ.
ಬಾಯಾಗ ಏಡಿ ಹಿಡಕೊಂಡು ಕಟಕಟ ಅಗದು
ನನ್ನ ಮಾರಿ ನೋಡ್ತು,
"ಇನ್ನ ಎಷ್ಟೊತ್ತು?" ಅಂತ ಕೇಳೂ ಗಿರಾಕಿಯಂಗ.
ಮತ್ತ ಮುಳಗ್ತು.
ಮೇಡಂ ಪುಸ್ತಕದಾಗ ಬರದ್ರು: ಒಂದು.
ನನ್ನ ಒದರಾಟ ಬರೀಲಿಲ್ಲ.

ಸಂಜಿಮುಂದ ಗವಿ ಬಾಯಿಗೆ ಕುಂತ್ವಿ.
ಹಿಕ್ಕಿ ವಾಸನಿ, ಗವ್ವ ಅನ್ನೂ ಕತ್ತಲಿ.
ನನ್ನ ಮೀನಖಂಡದಾಗ ಇಂಬಳ ಒಂದು
ನನ್ನ ಕೇಳದ ತುಂಬಿಕೊಂಡು ಟ್ಯೂಬ್ ಆಗಿತ್ತು.
ಮೊದಲ ಒಂದು ಬಾವಲಿ.
ಹತ್ತು ಎಣಸೂದರಾಗ ಇಪ್ಪತ್ತು.
ಆಮ್ಯಾಲ ವಾಲ್ವಿನ ಸೂಜಿ ಒತ್ತಿದಂಗ
ಇಡೀ ಗುಡ್ಡ ಉಸಿರು ಬಿಡ್ತು,
ಬಿಡ್ತ ಹೋತು.
ಯಾವ ಪಂಪಿನಿಂದ ತುಂಬಿದ್ದರೋ, ಯಾರು ತುಂಬಿದ್ದರೋ.
ಮೇಡಂ ತುಟಿ ಅಷ್ಟ ಅಲ್ಲಾಡತಿದ್ದವು.
ಎಷ್ಟಾದ್ವು ಅಂತ ಕೇಳಬೇಕನಿಸ್ತು, ಕೇಳಲಿಲ್ಲ.
ನಮಾಜಿನ್ಯಾಗ ನಿಂತವರನ್ನ
ಯಾರೂ ಮಾತಾಡಸೂದಿಲ್ಲ.

ಮರುದಿನ ಅಂಗಡಿಗೆ ಬಂದು ಬಿಲ್ ಕೇಳಿದ್ರು.
ಬರದೆ:
ಟ್ಯೂಬು ನಾಕು, ದಿನ ಒಂದು, ಆರನೂರು.
ಪಂಕ್ಚರ್, ಒಂದು.
ಅದರ ಮುಂದ ರೊಕ್ಕದ ಜಾಗಾ ಹಂಗ ಬಿಟ್ಟೆ.
ಕೆಳಗ ಸಹಿ: ದಾವಲಸಾಬ ಮುಲ್ಲಾ.
ಮೇಡಂ ಎರಡು ಸಲ ಓದಿ
ಬಿಲ್ ಮಡಚಿ
ಬಾವಲಿ ಪುಸ್ತಕದಾಗ ಇಟ್ಟುಕೊಂಡ್ರು.