ಒಂಬತ್ತನೆಯ ಕರಡು

ರಾತ್ರಿ ಎರಡು ಗಂಟೆ. ದೇರಾ, ಹೋಟೆಲಿನ ಮೂರನೇ ಮಹಡಿ.
ಒಳಗೆ ಮಾತು ಮುಗಿದಿಲ್ಲ.
ನಾನು ಪ್ರಿಂಟರಿನ ಹೊಟ್ಟೆ ತೆರೆದು
ಸಿಕ್ಕಿಕೊಂಡ ಹಾಳೆ ಎಳೆಯುತ್ತಿದ್ದೇನೆ.
ಅರ್ಧ ಬಂತು. ಅದರಲ್ಲಿ ಗೋಧಿ ಇತ್ತು.
ಉಳಿದರ್ಧ ರೋಲರಿನ ಹಲ್ಲಲ್ಲಿ,
ಷರತ್ತು ಅಲ್ಲಿದೆ.

ಇಂಗ್ಲಿಷಿನಲ್ಲಿ ಅದು ವಾಕ್ಯದ ಬಾಗಿಲಲ್ಲೇ ನಿಂತಿರುತ್ತದೆ,
ಯೂನಿಫಾರ್ಮ್ ತೊಟ್ಟು, ಗುರುತಿನ ಚೀಟಿ ಕೇಳುತ್ತ.
ನಮ್ಮಲ್ಲಿ ಒಂದೇ ಅಕ್ಷರ, 'ರೆ',
ಕ್ರಿಯಾಪದದ ಬೆನ್ನಿಗೆ ಅಂಟಿಕೊಳ್ಳುತ್ತದೆ
ಪಂಚೆಯಂಚಿಗೆ ಉತ್ತರಾಣಿ ಅಂಟಿದ ಹಾಗೆ;
ಮನೆ ಸೇರಿದ ಮೇಲೇ ಚುಚ್ಚುವುದು.
ಸುಟ್ಟರೆ ಕೊಡುತ್ತೇವೆ.
ಹಿಡಿದರೆ. ಹಿಡಿದದ್ದನ್ನು ತೂಗಿ ತೋರಿಸಿದರೆ.
ತೋರಿಸಿದ್ದು ಹೋದ ವರ್ಷಕ್ಕಿಂತ ಹೆಚ್ಚಿದ್ದರೆ.
ಇಷ್ಟು ಎಕರೆ ಹೂವಿಗೆ ಇಷ್ಟು ಟನ್ ಹಿಟ್ಟು:
ಅನುಬಂಧ ನಾಲ್ಕು, ಹನ್ನೆರಡು ಪ್ರತಿ, ಎರಡೂ ಬದಿ.

ನಾಯಿಫ್‌ನ ಕೋಣೆಯಲ್ಲಿ ನನ್ನ ಮೇಲಿನ ಮಂಚ ಶಿವನಂಜನದು,
ತುರುವೇಕೆರೆಯವನು, ಎಸಿ ರಿಪೇರಿ.
ರಜೆ ಮುಗಿಸಿ ಹೊರಟವನಿಗೆ ಅವನ ಚಿಕ್ಕಮ್ಮ
ಹಾರ್ಲಿಕ್ಸ್ ಬಾಟಲಿಯಲ್ಲಿ ಗಸಗಸೆ ತುಂಬಿ ಕೊಟ್ಟಳು.
"ಪಾಯಸ ಮಾಡ್ಕೊಂಡು ಕುಡಿ, ಚೆನ್ನಾಗ್ ನಿದ್ದೆ ಬರ್ತದೆ."
ಏರ್‌ಪೋರ್ಟಿನಲ್ಲಿ ಒಂದು ಬಿಳಿ ಕೈಗವಸು
ಬಾಟಲಿಯನ್ನು ದೀಪಕ್ಕೆ ಹಿಡಿದು ಕೇಳಿತು, ಇದೇನು?
ಅರಬ್ಬಿಯಲ್ಲಿ ಪಾಯಸಕ್ಕೆ ಏನನ್ನುತ್ತಾರೋ
ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ,
ನೋಡಿ, ಅಲ್ಲೂ ಬಂತು.
ಐವತ್ತೊಂದು ದಿನ.
ತಿರುಗಿ ಬಂದವನು ಮಂಚ ಹತ್ತಲಿಲ್ಲ, ನೆಲಕ್ಕೇ ಮಲಗಿದ.
ನಿದ್ದೆ ಮಾತ್ರ ಬಾಟಲಿಯ ಜೊತೆ ಅಲ್ಲೇ ಜಪ್ತಿಯಾಗಿತ್ತು.

ಬಾಗಿಲು ತೆರೆದು ಒಬ್ಬರು ಬಂದರು,
ಬೆಟ್ಟದ ನಾಡಿನವರು, ಹಿಟ್ಟು ಕೇಳುವ ಕಡೆಯವರು.
ಕೋಟಿನೊಳಗೆ ಕೈಹೆಣಿಗೆಯ ಸ್ವೆಟರು.
ಪ್ರಿಂಟರಿನ ಬೆನ್ನ ಮೇಲೆ ಅಂಗೈ ಇಟ್ಟು ಕಾಯಿಸಿಕೊಂಡರು,
ಹಿಂದಿಯಲ್ಲಿ ಕೇಳಿದರು, ನಿಮ್ಮಲ್ಲೂ ಬೆಳೆಯುತ್ತಾರಾ?
ನಮ್ಮ ಕಡೆ ಇಲ್ಲ ಸಾರ್, ಉಣ್ಣುತ್ತೇವೆ. ಬೆಲ್ಲ, ಕಾಯಿ, ಏಲಕ್ಕಿ ಹಾಕಿ.
ನಗುವುದೋ ಬೇಡವೋ ಎಂದು ಒಂದು ಗಳಿಗೆ ತಡೆದರು.
ನಮ್ಮಮ್ಮ ರೊಟ್ಟಿಯ ಮೇಲೆ ಉದುರಿಸುತ್ತಿದ್ದಳು, ಎಂದರು.
ಆಮೇಲೆ, ಯಾರಿಗೂ ಅಲ್ಲವೆಂಬಂತೆ:
ಹೋದ ವರ್ಷ ಒಂದೇ ಹೊಲವನ್ನು ಎರಡು ಸಲ ಸುಟ್ಟೆವು.
ಮೊದಲ ಸಲ ಫೋಟೋ ಸರಿಯಾಗಿ ಬಂದಿರಲಿಲ್ಲ.

ಕೊಡುವ ಕಡೆಯ ಹೆಂಗಸೂ ಸಂಜೆ ಇಲ್ಲೇ ನಿಂತಿದ್ದರು.
ಅವರ ಕಡತದ ಒಳರಟ್ಟಿಗೆ ಒಬ್ಬ ಹುಡುಗನ ಚಿತ್ರ,
ಕೆಳಗೆ ಒಂದು ಇಸವಿ, ಅಡ್ಡಗೆರೆ, ಇನ್ನೊಂದು ಇಸವಿ.
ಕಳೆದು ನೋಡಿದೆ: ಹತ್ತೊಂಬತ್ತು.
ಎಲ್ಲ ಪುಟದ ನಕಲು ಕೇಳಿದರು, ಅದೊಂದರದು ಬಿಟ್ಟು.

ಕಿಟಕಿಯಾಚೆ ಖೋರ್ ಕಪ್ಪಗಿದೆ.
ದಕ್ಕೆಯಲ್ಲಿ ಸಾಲಾಗಿ ದೋಣಿಗಳು, ತಾಡಪಾಲು ಹೊದ್ದ ಮೂಟೆಗಳು;
ಒಳಗೇನಿದೆಯೆಂದು ಇಲ್ಲಿಂದ ಹೇಳಲಾಗದು,
ಅಕ್ಕಿಯೂ ಇರಬಹುದು, ಟೈರೂ ಇರಬಹುದು.

ಉಳಿದರ್ಧ ಕೊನೆಗೂ ಬಂತು, ಮಸಿ ಮೆತ್ತಿಕೊಂಡು.
ಎರಡನ್ನೂ ಒಂದೇ ಚೂರುಯಂತ್ರಕ್ಕೆ ಕೊಟ್ಟೆ;
ಶಾವಿಗೆಯಂತೆ ಇಳಿಯಿತು.
ಒಳಗಿಂದ ಕರೆದರು. ಒಂದು ಪದ ಬದಲಾಗಬೇಕಂತೆ.
ಯಾವುದೆಂದು ನಾನು ಕೇಳಲಿಲ್ಲ.
ಹೊಸ ಕಾಗದದ ಕಟ್ಟು ಒಡೆದು
ಬೆರಳಿಂದ ಬಿಡಿಸಿ, ಗಾಳಿ ಊದಿ,
ತಟ್ಟೆಗೆ ತುಂಬಿದೆ.