ಎ, ಸೊನ್ನೆ, ಬ

ಚಿಂತಾಮಣಿಯ ಹುಣಸೆಹಣ್ಣಿನ ಮಂಡಿಯ ಹಿಂದೆ
ಶೀಟಿನ ಮನೆಯಲ್ಲಿ ಒಂದು ಟ್ರೆಡಲ್ ಮಿಷನ್ನು.
ಸೋಮವಾರ ರಾತ್ರಿಯೆಲ್ಲ ತುಳಿದರೆ
ಮಂಗಳವಾರ ಬೆಳಿಗ್ಗೆ ನಾಲ್ಕು ಪುಟದ ಪತ್ರಿಕೆ.
ನಮ್ಮಪ್ಪ ವೆಂಕಟರವಣಪ್ಪ ಅಲ್ಲಿ ಮೊಳೆ ಜೋಡಿಸುತ್ತಿದ್ದ.

ಅಕ್ಷರ ಅಕ್ಷರ ಹೆಕ್ಕುವ ಕೆಲಸ.
ಒಂದು ಮಾತನ್ನು ಮಾತ್ರ ದಾರ ಸುತ್ತಿ
ಮೊದಲೇ ಕಟ್ಟಿಟ್ಟಿರುತ್ತಿದ್ದ,
ಬೀಡಿ ಕಟ್ಟಿನ ಹಾಗೆ, ಹತ್ತು ಹದಿನೈದು:
ಎ, ಸೊನ್ನೆ, ಬ.
ಎಂಬ.
‘ವಾರಕ್ಕೆ ಅರವತ್ತು ಬೇಕು ಕಣಮ್ಮ, ಉಪ್ಪಿದ್ದ ಹಾಗೆ.’

ಚೌಡಪ್ಪ ಎಂಬ ಕೂಲಿಯಾಳು.
ಪಾಪಕ್ಕ ಎಂಬ ಹೆಂಗಸು ಬಾವಿಯ ಪಾಲು.
ಕೆಂಚೇನಹಳ್ಳಿ ಎಂಬ ಗ್ರಾಮದಲ್ಲಿ ಬಣವೆಗೆ ಬೆಂಕಿ.
ಅಮಲ್ದಾರರಿಗೆ ಎಂಬ ಇರುತ್ತಿರಲಿಲ್ಲ.
ಮಂಡಿ ಸಾಹುಕಾರರಿಗೆ ಇಲ್ಲ, ಎಮ್ಮೆಲ್ಲೆಗೆ ಇಲ್ಲವೇ ಇಲ್ಲ,
ಅವರೆಲ್ಲ ಹೆಸರಿನ ಜೊತೆಗೇ ಹುಟ್ಟಿದವರು.
ಮಿಕ್ಕವರ ಹೆಸರಿಗೆ ಬಾಲ,
ಯಾರೋ ಹಾಗಂದರಪ್ಪ, ನಮಗೇನು ಗೊತ್ತು, ಅನ್ನುವಂತೆ.

ಅದರಲ್ಲೂ ಮೆಟ್ಟಿಲು.
ಕೋಳಿ ಕದ್ದವನು ಎಂಬಾತ,
ಕಳಕೊಂಡವನು ಎಂಬವನು,
ಕಳಕೊಂಡದ್ದು ಸ್ಕೂಲ್ ಮೇಷ್ಟ್ರಾದರೆ ಎಂಬುವರು.

ಮನೆಯಲ್ಲಿ ನಮ್ಮದು ತೆಲುಗು.
ಅವ್ವನ ಕಥೆಯಲ್ಲಿ ‘ಅನೇ’ ಅಂದರೆ ಮುಗಿಯಿತು,
ರಾಜನಿಗೂ ಅದೇ, ಅವನ ಬಟ್ಟೆ ಒಗೆಯುವವನಿಗೂ ಅದೇ.
ಎಂಟು ವರ್ಷದವಳು ನಾನು ಕೇಳಿದ್ದೆ:
ಕಥೆಯಲ್ಲಿ ರಾಜನಿಗೂ ಇದೆ, ಪೇಪರಿನಲ್ಲಿ ಯಾಕಿಲ್ಲ?
ಅಪ್ಪ ಸ್ಟಿಕ್ಕಿನಿಂದ ಕಣ್ಣೆತ್ತಲಿಲ್ಲ.
‘ಕಥೆ ರಾಜ ಜಾಹೀರಾತು ಕೊಡಲ್ವಲ್ಲ.’

ಪ್ಯಾರೀಬಿಗೆ ಲಾರಿ ತಗುಲಿದ್ದು ಎಪ್ಪತ್ತೆರಡರ ಮಾರ್ಚಿಯಲ್ಲಿ.
ಮದನಪಲ್ಲಿ ರಸ್ತೆ, ನಸುಕು,
ಯಾರದೋ ಹೆರಿಗೆ ಮುಗಿಸಿ ಬರುತ್ತಿದ್ದಳು.
ನನ್ನನ್ನು ಲೋಕಕ್ಕೆ ಎಳೆದದ್ದು ಅವಳ ಕೈ. ನನ್ನ ತಮ್ಮನನ್ನೂ.
ಸಂಪಾದಕ ರಾಯರ ಮಗನನ್ನೂ,
ಕಾಲು ಮುಂದಾಗಿ ಬಂದಿದ್ದನಂತೆ ಅವನು.

ಸುದ್ದಿಯ ಚೀಟಿಯಲ್ಲಿತ್ತು: ‘ಪ್ಯಾರೀಬಿ ಎಂಬ ಮುದುಕಿ’.
ಅಪ್ಪ ಓದಿದ. ಒಂದು ಕಟ್ಟು ತೆಗೆದುಕೊಂಡ.
ಮತ್ತೆ ಅಲ್ಲೇ ಇಟ್ಟ.
ಆ ಜಾಗಕ್ಕೆ ಅಕ್ಷರವಿಲ್ಲದ ಸೀಸದ ತುಂಡು ತುರುಕಿದ,
ಸಾಲು ಸಡಿಲಾಗದ ಹಾಗೆ.

ರಾಯರು ಕರಡು ಹಿಡಿದು ಬಂದರು.
‘ಏನಯ್ಯ, ಬಿಟ್ಟುಹೋಗಿದೆ.’
‘ಬಿಟ್ಟುಹೋಗಿಲ್ಲ ಸ್ವಾಮಿ.’
‘ಊರಿಗೆ ಗೊತ್ತಯ್ಯ ಅವಳು. ಮುಳಬಾಗಿಲಿನ ಓದುಗನಿಗೆ ಗೊತ್ತೇ?’
ಅಪ್ಪನ ಕಾಲು ಆಗಲೇ ಮಿಷನ್ನಿನ ಮೇಲಿತ್ತು.
ರಾಯರು ಸ್ವಲ್ಪ ಹೊತ್ತು ನಿಂತಿದ್ದು
ಕರಡನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು.

ಆ ಹಾಳೆ ಈಗ ನನ್ನ ಮುಂದಿದೆ.
ರದ್ದಿ ಅಂಗಡಿಯವನು ದುಡ್ಡು ಬೇಡವೆಂದು ಕೊಟ್ಟ.
ಮೂರನೇ ಪುಟ, ಎಣ್ಣೆಮಿಲ್ಲಿನ ಜಾಹೀರಾತಿನ ಕೆಳಗೆ,
‘ಪ್ಯಾರೀಬಿ           ಮುದುಕಿ’.
ಮುದುಕಿ ಉಳಿದುಬಿಟ್ಟಿದೆ. ತೆಗೆಯಬೇಕೆಂದು ತೋಚಲಿಲ್ಲವೋ,
ಅದು ನಿಜ ತಾನೇ ಅನ್ನಿಸಿತೋ.
ನಡುವೆ ಮೂರು ಮೊಳೆಯಷ್ಟು ಬಿಳಿ.
ಸೀಸ ತುಸು ಎದ್ದಿದ್ದಿರಬೇಕು, ಅಂಚಿನಲ್ಲಿ
ಕೂದಲೆಳೆಯಂಥ ಕಪ್ಪು ಗೆರೆ ಮೂಡಿದೆ.

ಅಪ್ಪನ ಟ್ರಂಕಿನಲ್ಲಿ ಒಂದು ಕಟ್ಟು ಸಿಕ್ಕಿತ್ತು,
ದಾರ ಇನ್ನೂ ಬಿಚ್ಚಿರಲಿಲ್ಲ.
ಮೊಳೆಯಲ್ಲಿ ಎಲ್ಲ ತಿರುವುಮುರುವು,
ಕನ್ನಡಿ ಹಿಡಿದು ಓದಬೇಕು,
ಸೊನ್ನೆಯೊಂದು ಬಿಟ್ಟು.

ಅವನು ಹೋದಾಗ ಪತ್ರಿಕೆ ಆಫ್‌ಸೆಟ್ಟಾಗಿತ್ತು.
ಒಳಪುಟದಲ್ಲಿ ಎರಡು ಸಾಲು:
‘ಪಟ್ಟಣದ ವೆಂಕಟರವಣಪ್ಪ ಎಂಬುವರು
ನಿನ್ನೆ ನಿಧನರಾದರು.’
ಎಂಬುವರು!
ಮೇಷ್ಟ್ರ ಮೆಟ್ಟಿಲು ಸಿಕ್ಕಿತಲ್ಲಪ್ಪಾ ಅಂದೆ, ತೆಲುಗಿನಲ್ಲಿ,
ಅಳುವ ಮನೆಯಲ್ಲಿ ನಗು ಬಂದುಬಿಟ್ಟಿತು.
ಬರೆದವನು ಯಾರೆಂದು ನನಗೆ ಗೊತ್ತಿತ್ತು.
ರಾಯರ ನಂತರ ಆ ಕುರ್ಚಿಗೆ ಬಂದವನು,
ಕಾಲು ಮುಂದಾಗಿ.